ರೆಸಾರ್ಟ್ ಮೆಂಬರ್‌ಶಿಪ್: ಕಂಪನಿಯಿಂದ ಕೊಂಡವರೂ ಸಿಕ್ಕಿಬಿದ್ದರು, ಸೆಕೆಂಡ್‌ಹ್ಯಾಂಡ್ ಕೊಂಡವರೂ ಸಿಕ್ಕಿಬಿದ್ದರು

ಮೈಸೂರಿನ ಒಂದೇ ಅಪಾರ್ಟ್‌ಮೆಂಟಿನ ಎರಡು ಮನೆಯವರು ಒಂದೇ ಕಂಪನಿಯ ಹಾಲಿಡೇ ಮೆಂಬರ್‌ಶಿಪ್, ಅಂದರೆ ವರ್ಷಕ್ಕೆ ಇಷ್ಟು ರಾತ್ರಿ ಎಂದು ರೆಸಾರ್ಟ್‌ನಲ್ಲಿ ತಂಗುವ ಹಕ್ಕು, ತೆಗೆದುಕೊಂಡರು. ಮೇಲಿನ ಮಹಡಿಯವರು ಕಂಪನಿಯಿಂದ ನೇರವಾಗಿ, 4,80,000 ರೂಪಾಯಿಗೆ. ಕೆಳಗಿನ ಮಹಡಿಯವರು ಅದನ್ನು ನೋಡಿ, ಹೊಸದಕ್ಕೆ ಅಷ್ಟು ದುಡ್ಡು ಸುರಿಯುವುದೇಕೆ ಎಂದು ಹಳೆಯ ಮೆಂಬರ್ ಒಬ್ಬರಿಂದ 90,000ಕ್ಕೆ ಕೊಂಡರು. ಇವತ್ತು ಇಬ್ಬರ ದುಡ್ಡೂ ಸಿಕ್ಕಿಹಾಕಿಕೊಂಡಿದೆ. ಕಂಪನಿಯ ಹೆಸರು ಇಲ್ಲಿ ಬೇಡ. ಇವರಿಬ್ಬರನ್ನು ಕಟ್ಟಿಹಾಕಿದ ಷರತ್ತುಗಳು ಬೇರೆಯವರ ಕಾಗದಗಳಲ್ಲೂ ಇರಬಹುದು, ಅದಕ್ಕೇ ಈ ಬರಹ.

ಮೇಲಿನವರ ಕಥೆ ಮಾಲ್‌ನಲ್ಲಿ ತುಂಬಿಕೊಟ್ಟ ಲಕ್ಕಿ ಡ್ರಾ ಕೂಪನ್‌ನಿಂದ ಶುರು. ನಾಲ್ಕು ದಿನ ಬಿಟ್ಟು ಫೋನ್ ಬಂತು: "ಸಾರ್, ನಿಮಗೆ ಗಿಫ್ಟ್ ಬಂದಿದೆ, ಮೇಡಮ್ ಅವರನ್ನೂ ಕರ್ಕೊಂಡು ಬನ್ನಿ." ಜೋಡಿಯಾಗಿಯೇ ಬರಬೇಕು ಎನ್ನುವುದಕ್ಕೆ ಕಾರಣವಿದೆ. ಒಬ್ಬರೇ ಹೋದರೆ "ಮನೇಲಿ ಕೇಳಿ ಹೇಳ್ತೀನಿ" ಎಂದು ಎದ್ದು ಬರಬಹುದು, ಇಬ್ಬರೂ ಕೂತಿದ್ದರೆ ಆ ಮಾತಿಗೆ ಜಾಗವಿಲ್ಲ. ಹೋಟೆಲ್ ಹಾಲ್‌ನಲ್ಲಿ ಎರಡು ಗಂಟೆ ಕೂರಿಸಿಕೊಂಡು 6,20,000ದ ಪ್ಲಾನ್ ಇವತ್ತು ಮಾತ್ರ 4,80,000 ಎಂದರು. 48,000 ಕ್ರೆಡಿಟ್ ಕಾರ್ಡಿನಲ್ಲಿ ಉಜ್ಜಿಸಿಕೊಂಡು, ಉಳಿದ 4,32,000ಕ್ಕೆ ತಿಂಗಳಿಗೆ 12,000ದಂತೆ 36 ಕಂತು ಹಾಕಿದರು.

ಆ ದಿನದ ಬ್ರೋಷರ್ ಇನ್ನೂ ಅವರ ಹತ್ತಿರ ಇದೆ. ಅದರ ಹಿಂಬದಿಯಲ್ಲಿ ಸೇಲ್ಸ್‌ನವನ ಕೈಬರಹ, ನೀಲಿ ಪೆನ್ನಿನಲ್ಲಿ: "ವರ್ಷಕ್ಕೊಮ್ಮೆ ಗೋವಾ ಫ್ರೀ. ಬೇಡ ಅಂದ್ರೆ ನಾವೇ ಮಾರಿಕೊಡ್ತೀವಿ." ಒಪ್ಪಂದ 14 ಪುಟ, ಸಣ್ಣಕ್ಷರದ ಇಂಗ್ಲಿಷ್, ಪ್ರತಿ ಪುಟದ ಕೆಳಗೂ ಇಬ್ಬರ ಸಹಿ. 11ನೇ ಪುಟದಲ್ಲಿ ಒಂದು ಸಾಲು: ಈ ಒಪ್ಪಂದದಲ್ಲಿ ಬರೆದದ್ದು ಬಿಟ್ಟು ಯಾರು ಏನೇ ಹೇಳಿದ್ದರೂ ಅದಕ್ಕೆ ಕಂಪನಿ ಹೊಣೆಯಲ್ಲ. ಹಾಲ್‌ನಲ್ಲಿ ಆಡಿದ ಮಾತನ್ನೆಲ್ಲ ಆ ಒಂದೇ ಸಾಲು ಅಳಿಸಿಹಾಕುತ್ತದೆ. ಬಾಯಿಮಾತಿನ ಭರವಸೆ ಯಾವುದೇ ಇರಲಿ, ಒಪ್ಪಂದದಲ್ಲೇ ಬರೆಸಿ ಕಂಪನಿಯ ಸೀಲು ಹಾಕಿಸಬೇಕು. ಬರೆದುಕೊಡಲು ಹಿಂಜರಿದರೆ ಆ ಸೌಲಭ್ಯ ಇಲ್ಲ ಎಂದೇ ತಿಳಿಯಿರಿ.

ಇವರಿಗೆ ಕೊಟ್ಟದ್ದು 25 ವರ್ಷ, ವರ್ಷಕ್ಕೆ 7 ರಾತ್ರಿ, ಸ್ಟುಡಿಯೋ ರೂಮು, ನಡುವಿನ ಸೀಸನ್. ಮಕ್ಕಳಿಗೆ ರಜೆ ಇರುವುದು ಏಪ್ರಿಲ್-ಮೇ, ದಸರಾ ಮತ್ತು ಡಿಸೆಂಬರ್ ಕೊನೆ. ಆ ಮೂರೂ ಇವರ ಒಪ್ಪಂದದಲ್ಲಿ ಬೇಡಿಕೆ ಹೆಚ್ಚಿರುವ ಮೇಲಿನ ಸೀಸನ್. ಮೇಲಿನ ಸೀಸನ್ ಕೊಂಡವರು ಕೆಳಗಿನ ಸೀಸನ್‌ಗೆ ಇಳಿಯಬಹುದು, ಕೆಳಗಿನ ಸೀಸನ್ ಕೊಂಡವರು ಹತ್ತುವಂತಿಲ್ಲ. ಹೀಗಾಗಿ ಮಡಿಕೇರಿಯಲ್ಲಿ ಇವರಿಗೆ ಸಲೀಸಾಗಿ ರೂಮು ಸಿಗುವುದು ಜುಲೈನಲ್ಲಿ, ಬಿಡದೆ ಮಳೆ ಹೊಡೆಯುವ, ಕಾಲಿಗೆ ಜಿಗಣೆ ಹತ್ತುವ ಹೊತ್ತಿನಲ್ಲಿ. ಸ್ಟುಡಿಯೋದಲ್ಲಿ ಇಬ್ಬರು ದೊಡ್ಡವರು, ಇಬ್ಬರು ಚಿಕ್ಕ ಮಕ್ಕಳಿಗಷ್ಟೇ ಜಾಗ, ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗುವಂತಿಲ್ಲ. ಇನ್ನು ವಿದೇಶದ ರೆಸಾರ್ಟ್‌ಗಳ ಆಸೆ. ಅದು ನಮ್ಮ ರಾತ್ರಿಗಳನ್ನು ಕೊಟ್ಟು ಬೇರೆ ರೆಸಾರ್ಟಿನ ರಾತ್ರಿ ಪಡೆಯುವ, ಆರ್‌ಸಿಐನಂಥ ವಿನಿಮಯ ಜಾಲದ ಮೂಲಕ ನಡೆಯುವ ಅದಲುಬದಲು, ಪ್ರತಿ ಸಲವೂ ಬೇರೆ ಶುಲ್ಕ ಕಟ್ಟಬೇಕು.

ಲೆಕ್ಕ ಹಾಕಿ ನೋಡೋಣ. 4,80,000ವನ್ನು 25 ವರ್ಷಕ್ಕೆ ಹಂಚಿದರೆ ವರ್ಷಕ್ಕೆ 19,200. ವಾರ್ಷಿಕ ಶುಲ್ಕ 16,000, ಅದರ ಮೇಲೆ 18% ಜಿಎಸ್‌ಟಿ, ಒಟ್ಟು 18,880. ಎರಡೂ ಸೇರಿ 38,080. ಏಳು ರಾತ್ರಿಯನ್ನೂ ಬಿಡದೆ ಬಳಸಿದರೆ ರಾತ್ರಿಗೆ 5,440, ನಾಲ್ಕೇ ರಾತ್ರಿ ಹೋದರೆ 9,520. ಊಟ, ತಿಂಡಿ, ಪ್ರಯಾಣ ಬೇರೆ. ಶುಲ್ಕ ಏರುತ್ತಲೇ ಹೋಗುತ್ತದೆ, ಹೋಗದ ವರ್ಷವೂ ಕಟ್ಟಬೇಕು. ಇನ್ನೊಂದು ಲೆಕ್ಕವನ್ನು ಹಾಲ್‌ನಲ್ಲಿ ಯಾರೂ ತೋರಿಸುವುದಿಲ್ಲ. ಅದೇ 4,80,000ವನ್ನು 7% ಬಡ್ಡಿಯ ಎಫ್‌ಡಿಯಲ್ಲಿಟ್ಟರೆ ವರ್ಷಕ್ಕೆ 33,600 ಬರುತ್ತದೆ. ಅದಕ್ಕೆ ಕಟ್ಟದೆ ಉಳಿಯುವ ವಾರ್ಷಿಕ ಶುಲ್ಕದ 18,880 ಸೇರಿಸಿದರೆ 52,480. ಏಳು ರಾತ್ರಿ, ರಾತ್ರಿಗೆ ಸುಮಾರು 7,500ರ ರೂಮನ್ನು ನಿಮಗೆ ಬೇಕಾದ ಊರಲ್ಲಿ ನಿಮಗೆ ಬೇಕಾದ ದಿನ ಹಿಡಿಯಬಹುದು, ಅಸಲು ಬ್ಯಾಂಕಿನಲ್ಲೇ ಇರುತ್ತದೆ. ಈ ಲೆಕ್ಕ ನೋಡಿದ ಮೇಲೂ ಕೊಳ್ಳಬೇಕು ಎನಿಸುವುದು ಪ್ರತಿ ವರ್ಷ ತಪ್ಪದೆ ಹೋಗುವ, ಆರು ತಿಂಗಳು ಮುಂಚೆ ರಜೆ ಗೊತ್ತಿರುವ ಮನೆಯವರಿಗೆ ಮಾತ್ರ.

ಹಾಗಾದರೆ ಸೆಕೆಂಡ್‌ಹ್ಯಾಂಡ್ ಲಾಭವಲ್ಲವೇ? ಬೆಲೆ ನೋಡಿದರೆ ಹಾಗೇ ಕಾಣುತ್ತದೆ. ಬೆಲೆ ಬೀಳುವುದೇಕೆ ಎಂದು ಮೊದಲು ಅರ್ಥ ಮಾಡಿಕೊಳ್ಳಬೇಕು. ನಮ್ಮಲ್ಲಿ ಮಾರುವ ಈ ಬಗೆಯ ಮೆಂಬರ್‌ಶಿಪ್ ಆಸ್ತಿಯಲ್ಲ. ಇದಕ್ಕೆ ಖಾತೆಯಿಲ್ಲ, ಇಸಿ (ಋಣಭಾರ ಪತ್ರ) ಇಲ್ಲ, ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿಯಿಲ್ಲ. ಕಂಪನಿಯ ಪುಸ್ತಕದಲ್ಲಿ ಹೆಸರಿದ್ದವರೇ ಮೆಂಬರ್. ಕೆಳಗಿನ ಮನೆಯವರು ಎಡವಿದ್ದು ಇಲ್ಲೇ. 100 ರೂಪಾಯಿಯ ಛಾಪಾ ಕಾಗದದಲ್ಲಿ ಕರಾರು ಬರೆಸಿ, ನೋಟರಿ ಮಾಡಿಸಿ, 90,000ವನ್ನೂ ಒಂದೇ ಸಲ ಖಾತೆಗೆ ಹಾಕಿದರು. ಕಂಪನಿಗೆ ಹೋದಾಗ ಸಿಕ್ಕ ಉತ್ತರ: ನಿಮ್ಮಿಬ್ಬರ ಕರಾರಿಗೂ ನಮಗೂ ಸಂಬಂಧವಿಲ್ಲ, ಹಳೆಯ ಮೆಂಬರ್ ಬಂದು ನಮ್ಮ ವರ್ಗಾವಣೆ ಫಾರಂಗೆ ಸಹಿ ಹಾಕಬೇಕು. ಅವರು ಫೋನ್ ತೆಗೆಯುತ್ತಿಲ್ಲ.

ಬಾಕಿಯೂ ಆಗಲೇ ಹೊರಬಿತ್ತು. ಮೂರು ವರ್ಷದ ಶುಲ್ಕ 56,640, ಬಡ್ಡಿ ಬೇರೆ. ಬಾಕಿ ಇದ್ದರೆ ಬುಕಿಂಗ್ ನಿಲ್ಲುತ್ತದೆ, ಶುಲ್ಕ ಮಾತ್ರ ಬೆಳೆಯುತ್ತಲೇ ಇರುತ್ತದೆ. ವರ್ಗಾವಣೆ ಶುಲ್ಕ 30,000, ಜಿಎಸ್‌ಟಿ ಸೇರಿ 35,400. "40 ರಾತ್ರಿ ಸೇರಿಕೊಂಡಿವೆ" ಎಂದು ಆಸೆ ತೋರಿಸಿದ್ದರು, ಕೂಡಿಟ್ಟ ರಾತ್ರಿಗಳು ಹೊಸಬರಿಗೆ ಬರುವುದಿಲ್ಲ. ಉಳಿದದ್ದು 11 ವರ್ಷ. 90,000, 56,640, 35,400 ಕೂಡಿದರೆ 1,82,040. ಅದನ್ನು 11ಕ್ಕೆ ಭಾಗಿಸಿ ವಾರ್ಷಿಕ ಶುಲ್ಕ ಸೇರಿಸಿದರೆ ವರ್ಷಕ್ಕೆ ಸುಮಾರು 35,430, ರಾತ್ರಿಗೆ 5,060. ಮೇಲಿನ ಮನೆಯವರ ರಾತ್ರಿಗಿಂತ 380 ರೂಪಾಯಿ ಕಡಿಮೆ, ಅಷ್ಟೆ. ಅದೂ ವರ್ಗಾವಣೆ ಆದರೆ.

ಸೆಕೆಂಡ್‌ಹ್ಯಾಂಡ್ ಕೊಳ್ಳಲೇಬೇಕೆಂದರೆ ದುಡ್ಡು ಕೊಡುವ ಮೊದಲು ಕಂಪನಿಯಿಂದ ಲಿಖಿತ ಉತ್ತರ ತರಿಸಿ. ಮಾರುವವರು ತಮ್ಮ ನೋಂದಾಯಿತ ಇಮೇಲ್‌ನಿಂದ, ನಿಮ್ಮನ್ನೂ ಸೇರಿಸಿ ಕೇಳಲಿ: ಉಳಿದ ವರ್ಷ ಎಷ್ಟು, ಸೀಸನ್ ಮತ್ತು ರೂಮು ಯಾವುದು, ಕಂತು ಪೂರ್ತಿ ತೀರಿದೆಯೇ, ಶುಲ್ಕದ ಬಾಕಿ ಎಷ್ಟು, ವರ್ಗಾವಣೆ ಶುಲ್ಕ ಎಷ್ಟು, ಹೊಸ ಹೆಸರಿಗೆ ಬಂದಾಗ ಯಾವ ಸೌಲಭ್ಯ ಹೋಗುತ್ತದೆ, ವಾರ್ಷಿಕ ಶುಲ್ಕದ ಏರಿಕೆಗೆ ಮಿತಿ ಇದೆಯೇ. ಉತ್ತರ ಕಂಪನಿಯ ಇಮೇಲ್‌ನಿಂದ ನೇರ ನಿಮಗೆ ಬರಬೇಕು. ವಾಟ್ಸ್‌ಆಪ್‌ನಲ್ಲಿ ಕಳಿಸಿದ ಸ್ಕ್ರೀನ್‌ಶಾಟ್ ನಂಬಬೇಡಿ. ಮಾರುವವರ ಪಕ್ಕ ಕೂತು ಲಾಗಿನ್ ಮಾಡಿಸಿ, ನಿಮಗೆ ಬೇಕಾದ ವಾರಕ್ಕೆ ನಿಮಗೆ ಬೇಕಾದ ಊರಲ್ಲಿ ರೂಮು ಸಿಗುತ್ತದೆಯೇ ಎಂದು ಹುಡುಕಿಸಿ. ಇದಕ್ಕೆ ಹತ್ತು ನಿಮಿಷ ಸಾಕು, ಸೀಸನ್ನಿನ ನಿಜ ಗೊತ್ತಾಗುತ್ತದೆ. ಕಂಪನಿಯ ಶಾಖೆಯಲ್ಲಿ ಇಬ್ಬರೂ ಕೂತು ಸಹಿ ಹಾಕಿದ ಮೇಲೆ ಒಂದು ಪಾಲು ಮುಂಗಡ ಕೊಡಿ. ನಿಮ್ಮ ಹೆಸರಿನ ಪತ್ರ ಬಂದ ಮೇಲೆ ಉಳಿದದ್ದು.

ಮೆಂಬರ್‌ಶಿಪ್ ಇಟ್ಟುಕೊಂಡು ಮಾರಲು ಹೊರಟವರಿಗೆ ಇನ್ನೊಂದು ಬಲೆ ಕಾದಿರುತ್ತದೆ. "ನಿಮ್ಮ ಮೆಂಬರ್‌ಶಿಪ್‌ಗೆ 5 ಲಕ್ಷಕ್ಕೆ ಪಾರ್ಟಿ ರೆಡಿ ಇದೆ, ಎನ್‌ಒಸಿ ಚಾರ್ಜ್ ಮಾತ್ರ ಕಟ್ಟಿ" ಎಂದು ಫೋನ್ ಬರುತ್ತದೆ. ಆಮೇಲೆ ಜಿಎಸ್‌ಟಿ, ಆಮೇಲೆ ಟಿಡಿಎಸ್, "ಎಲ್ಲಾ ವಾಪಸ್ ಬರುತ್ತೆ ಸಾರ್". ಮಾರುವವರೇ ಮುಂಚೆ ದುಡ್ಡು ಕಟ್ಟಬೇಕು ಎಂದವರ ಜೊತೆ ಮಾತು ಮುಂದುವರಿಸಬೇಡಿ. ಕಟ್ಟಿಬಿಟ್ಟಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ದುಡ್ಡು ಇನ್ನೂ ಖಾತೆಯಲ್ಲಿದ್ದರೆ ತಡೆಹಿಡಿಯುವ ಅವಕಾಶವಿರುತ್ತದೆ.

ಅಮೆರಿಕದಲ್ಲಿರುವವರಿಗೆ ಒಂದು ಮಾತು. ಈ ಬಗೆಯ ಮೆಂಬರ್‌ಶಿಪ್‌ಗೆ ಅಲ್ಲಿ ಟೈಮ್‌ಶೇರ್ ಎನ್ನುತ್ತಾರೆ. ಕ್ರಯಪತ್ರವಿರುವ ಟೈಮ್‌ಶೇರ್‌ಗಳೂ ಇವೆ, ಅವಕ್ಕೂ ವಾರ್ಷಿಕ ನಿರ್ವಹಣಾ ಶುಲ್ಕ ತಪ್ಪದು. ಫ್ಲೋರಿಡಾದಲ್ಲಿ ಕಂಪನಿಯಿಂದ ಕೊಂಡರೆ 10 ದಿನದೊಳಗೆ ಲಿಖಿತವಾಗಿ ರದ್ದು ಮಾಡುವ ಹಕ್ಕು ಕಾನೂನಿನಲ್ಲೇ ಇದೆ. ರಿಸೇಲ್ ಅಗ್ಗ, ಆದರೆ ಸೌಲಭ್ಯ ಕತ್ತರಿಸುತ್ತಾರೆ: ಡಿಸ್ನಿಯ ಟೈಮ್‌ಶೇರ್ ಆದ ಡಿಸ್ನಿ ವೆಕೇಶನ್ ಕ್ಲಬ್‌ನ ಹಳೆಯ 14 ರೆಸಾರ್ಟ್‌ಗಳ ಪಾಯಿಂಟ್‌ಗಳನ್ನು (ರೂಮು ಹಿಡಿಯಲು ಬಳಸುವ ಅಂಕಗಳನ್ನು) 2019ರ ಜನವರಿ 19ರಿಂದೀಚೆಗೆ ರಿಸೇಲ್‌ನಲ್ಲಿ ಕೊಂಡವರು ಅದೇ ಕ್ಲಬ್‌ನ ರಿವಿಯೇರಾ ರೆಸಾರ್ಟಿಗೆ ಅವನ್ನು ಬಳಸುವಂತಿಲ್ಲ.

ನಮ್ಮಲ್ಲಿ ಟೈಮ್‌ಶೇರ್‌ಗೆಂದೇ ಅಂಥ ಕಾನೂನಿಲ್ಲ. ಕೆಲವು ಒಪ್ಪಂದಗಳಲ್ಲಿ 10 ದಿನದ ರದ್ದತಿ ಷರತ್ತು ಇರುತ್ತದೆ, ಸಹಿಯ ದಿನದಿಂದಲೋ ಮೊದಲ ಪಾವತಿಯಿಂದಲೋ ಎಂದು ಅಂದು ರಾತ್ರಿಯೇ ಓದಿ. ರದ್ದು ಮಾಡುವುದಾದರೆ ಇಮೇಲ್ ಜೊತೆಗೆ ಸ್ಪೀಡ್ ಪೋಸ್ಟ್‌ನಲ್ಲೂ ಪತ್ರ ಕಳಿಸಿ, ರಸೀದಿ ಇಟ್ಟುಕೊಳ್ಳಿ. ಮೆಂಬರ್‌ಶಿಪ್ ರದ್ದಾದರೆ ಕಂತಿನ ಸಾಲ ತಾನಾಗಿ ರದ್ದಾಗುವುದಿಲ್ಲ, ಕಂತಿನ ವಿಷಯವಾಗಿ ಬ್ಯಾಂಕಿಗೆ ಬೇರೆ ಪತ್ರ ಬರೆಯಬೇಕು.

ದಿನ ಮೀರಿದ್ದರೆ ಮೊದಲು 1915 ಗ್ರಾಹಕ ಸಹಾಯವಾಣಿ, ಆಮೇಲೆ ಜಿಲ್ಲಾ ಗ್ರಾಹಕ ಆಯೋಗ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು, ಕಂಪನಿಯ ಕಚೇರಿ ಎಲ್ಲಿದ್ದರೂ ಸರಿ. ಕೊಟ್ಟ ಮೊತ್ತ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ. ದೂರಿಗೆ ಕಾರಣ ಹುಟ್ಟಿದ ದಿನದಿಂದ ಎರಡು ವರ್ಷದೊಳಗೆ ಕೊಡಬೇಕು. ಬುಕಿಂಗ್ ಸಿಗದ ಪ್ರತಿ ಸಲದ ಸ್ಕ್ರೀನ್‌ಶಾಟ್ ತಾರೀಖಿನ ಸಮೇತ ಲಗತ್ತಿಸಿ. ಮೇಲಿನ ಮನೆಯವರು ಅಂಥ ಒಂಬತ್ತು ಸ್ಕ್ರೀನ್‌ಶಾಟ್‌ಗಳ ಜೊತೆಗೆ ಆ ಬ್ರೋಷರ್‌ನ ಹಿಂಬದಿಯನ್ನೂ ಸೇರಿಸಿದ್ದಾರೆ.