ಕಾಸರಗೋಡಿನ ಪೇರೋಲ್ ಆಫೀಸು: ಲೆಕ್ಕ ಚೊಕ್ಕ, ಫೋನ್ ಮಾತ್ರ ಎತ್ತಲ್ಲ

ಬದಿಯಡ್ಕದಲ್ಲಿ ನಮ್ಮದು ಅಡಿಕೆ ಹಾಳೆ ತಟ್ಟೆ ಮಾಡುವ ಘಟಕ, 22 ಜನ. 10 ಜನ ಆದರೆ ಇಎಸ್‌ಐ (ಕೆಲಸಗಾರರ ಆರೋಗ್ಯ ವಿಮೆ), 20 ಆದರೆ ಪಿಎಫ್ (ಭವಿಷ್ಯ ನಿಧಿ) ಕಡ್ಡಾಯ ಅಲ್ವಾ, ಹಾಗಾಗಿ ಸಂಬಳದ ಲೆಕ್ಕ ನೋಡುವ ಕಾಸರಗೋಡು ಪೇಟೆಯ ಒಂದು ಪೇರೋಲ್ ಆಫೀಸಿಗೆ ಕೆಲಸ ಕೊಟ್ಟೆ. ತಿಂಗಳು ತಿಂಗಳು 15ರ ಒಳಗೆ ಕಟ್ಟಿ ಚಲನ್ ವಾಟ್ಸಾಪ್‌ಗೆ ಹಾಕುತ್ತಾರೆ. ಮಲಯಾಳ ಓದಲು ಬಾರದ ಅಕ್ಕಂದಿರಿದ್ದಾರೆ ಅಂದಾಗ ಸಂಬಳ ಚೀಟಿ ಕನ್ನಡದಲ್ಲೇ ಮಾಡಿಕೊಟ್ಟರು. "ಪಿಎಫ್‌ಗೆ ಅಂತ ಸಂಬಳದಲ್ಲಿ 12 ಪರ್ಸೆಂಟ್ ಯಾಕೆ ಹಿಡಿದದ್ದು?" ಅಂತ ಜಗಳಕ್ಕೆ ಬಂದವರ ಪಕ್ಕ ಆಫೀಸಿನ ಹುಡುಗಿ ಬಂದು ಕೂತು, ಧಣಿಗಳೂ ಅಷ್ಟೇ ಹಾಕುತ್ತಾರೆ, ಅದರಲ್ಲಿ 8.33 ಪೆನ್ಶನ್‌ಗೆ ಅಂತ ಬಿಡಿಸಿ ಹೇಳಿದಳು. ಆದರೆ ಒಬ್ಬರಿಗೆ ಆಧಾರ್‌ನಲ್ಲಿ ಒಂದು ಸ್ಪೆಲ್ಲಿಂಗ್, ಯುಎಎನ್‌ನಲ್ಲಿ (ಪಿಎಫ್‌ನ ನಂಬರ್) ಇನ್ನೊಂದು. ಅದನ್ನು ತಿದ್ದಲು ಎರಡು ತಿಂಗಳು ಸುಮ್ನೆ ಎಳೆದರು, ಫೋನೂ ಎತ್ತಲಿಲ್ಲ. ಐದಕ್ಕೆ ಮೂರೂವರೆ.