ಮೈಕಟ್ಟು ದೊಡ್ಡದಿದ್ದರೆ, ಮೊದಲ ಬೈಕ್ ಕೊಳ್ಳುವ ಮುನ್ನ ಇದನ್ನು ಓದಿ

ಎತ್ತರ ಜಾಸ್ತಿ, ತೂಕವೂ ಜಾಸ್ತಿ ಇರುವವರು ಮೊದಲ ಬೈಕ್ ನೋಡಲು ಹೋದಾಗ ಯಾರಾದರೂ "ಓಡಿಸ್ತಾ ಓಡಿಸ್ತಾ ರೂಢಿ ಆಗುತ್ತೆ ಸಾರ್" ಅಂದರೆ, ದಯವಿಟ್ಟು ಅಲ್ಲಿಂದ ಎದ್ದು ಬನ್ನಿ. ನನಗೆ ಆ ಮಾತು ಹೇಳಿಯೇ ಬೈಕ್ ಮಾರಿದರು. ಕೆಲವೇ ತಿಂಗಳಲ್ಲಿ ನಷ್ಟಕ್ಕೆ ಕೊಟ್ಟೆ. ದುಡ್ಡು ಹೋಗಿದ್ದಕ್ಕಿಂತ, ಬೈಕ್ ಓಡಿಸುವುದು ನನ್ನಂಥ ಮೈಯವರಿಗಲ್ಲವೇನೋ ಅಂತ ಅನಿಸಿತ್ತಲ್ಲ, ಅದು ಹೆಚ್ಚು ನೋವು ಕೊಟ್ಟಿತು.

ನನ್ನ ಎತ್ತರ ಆರಡಿ ಎರಡಿಂಚು, ತೂಕ 115 ಕೆಜಿ. ಎರಡನ್ನೂ ಮೊದಲೇ ಹೇಳಿದ್ದೆ. ಅವರು ತೋರಿಸಿದ್ದು ಮುಂದಕ್ಕೆ ಬಾಗಿ ಕೂರುವ, ಹಗುರವಾದ ಸ್ಪೋರ್ಟ್ಸ್ ಬೈಕ್. ಹೊಸಬರಿಗೆ ಹಗುರ ಗಾಡಿಯೇ ಸುಲಭ ಅಂದರು. ಅದು ಸುಳ್ಳೇನಲ್ಲ. ಆದರೆ "ಇದು ಎಷ್ಟು ಭಾರ ಹೊರುತ್ತೆ?" ಅಂತ ಕೇಳಿದಾಗ "ಇಬ್ಬರು ಆರಾಮಾಗಿ ಹೋಗಬಹುದು" ಅಂದರೇ ಹೊರತು ಅಂಕಿ ಮಾತ್ರ ಬಾಯಿಂದ ಬರಲಿಲ್ಲ.

ಆ ಅಂಕಿ ಓನರ್ಸ್ ಮ್ಯಾನುಯಲ್‌ನಲ್ಲಿ ಇರುತ್ತದೆ. ಬೈಕು, ಸವಾರ, ಸಾಮಾನು ಎಲ್ಲ ಸೇರಿ ಇರಬಹುದಾದ ಗರಿಷ್ಠ ತೂಕ ಒಂದು; ಪೆಟ್ರೋಲ್ ತುಂಬಿದ ಬೈಕಿನ ತೂಕ ಇನ್ನೊಂದು. ಮೊದಲನೆಯದರಲ್ಲಿ ಎರಡನೆಯದನ್ನು ಕಳೆದರೆ ಬರುವುದೇ ನಿಮ್ಮ ಪಾಲು. ನನ್ನ ಬೈಕಿನಲ್ಲಿ ಅದು 150 ಕೆಜಿ ಇತ್ತು. ನಾನು, ಹೆಲ್ಮೆಟ್, ಜಾಕೆಟ್, ಬೂಟು, ಬೆನ್ನಿಗೊಂದು ಬ್ಯಾಗ್ ಸೇರಿದರೆ 125 ದಾಟುತ್ತಿತ್ತು. ಹಿಂದೆ ಒಂದು ಮಗುವನ್ನು ಕೂರಿಸಿದರೂ ಮಿತಿ ಹತ್ತಿರ ಬಂದುಬಿಡುತ್ತಿತ್ತು. ಇಬ್ಬರು ದೊಡ್ಡವರು ಎಲ್ಲಿಂದ ಆರಾಮಾಗಿ ಹೋಗುವುದು?

ಮೊದಲು ಕೈಕೊಟ್ಟಿದ್ದು ಮಂಡಿ. ಸೀಟಿಗೂ ಪಾದ ಇಡುವ ಫುಟ್‌ಪೆಗ್‌ಗೂ ನಡುವೆ ಜಾಗ ಕಡಿಮೆ, ಹಾಗಾಗಿ ಕಾಲು ಪೂರ್ತಿ ಮಡಚಿಕೊಂಡೇ ಇರುತ್ತಿತ್ತು. ಗೇರ್ ಲಿವರ್ ಅಡಿಗೆ ಬೂಟು ತೂರಿಸಲು ಪ್ರತಿ ಸಲ ಪಾದ ತಿರುಗಿಸಬೇಕಿತ್ತು. ನಿಧಾನವಾಗಿ ಯೂ-ಟರ್ನ್ ಹೊಡೆಯುವಾಗ ಹ್ಯಾಂಡಲ್ ತುದಿ ಬಂದು ಮಂಡಿಗೆ ತಾಗುತ್ತಿತ್ತು. ಅಲ್ಲಿಗೆ ತಿರುಗುವುದು ನಿಂತಿತು, ಬೈಕ್ ವಾಲಿತು. ಕಲಿಯುವವರಿಗೆ ಇದು ಅಪಾಯ. ನನಗೆ ಬ್ಯಾಲೆನ್ಸ್ ಸಾಲದು ಅಂತ ಎಲ್ಲರೂ ಹೇಳಿದರು. ಇದ್ದ ತೊಂದರೆ ಜಾಗದ್ದು.

ಇನ್ನೊಂದು ತೊಂದರೆ ರಾತ್ರಿ ಹೊತ್ತು ಗೊತ್ತಾಯಿತು. ಎದುರಿಗೆ ಬಂದವರೆಲ್ಲ ಡಿಪ್ ಮಾಡು ಅಂತ ಲೈಟ್ ಮಿನುಗಿಸುತ್ತಿದ್ದರು. ನಾನು ಡಿಪ್‌ನಲ್ಲೇ ಇದ್ದೆ! ಹಿಂದಿನ ಶಾಕ್ ಅಬ್ಸಾರ್ಬರ್ ನನ್ನ ತೂಕಕ್ಕೆ ಕುಸಿದು, ಮೂತಿ ಮೇಲಕ್ಕೆದ್ದು, ಬೆಳಕು ನೇರ ಅವರ ಕಣ್ಣಿಗೆ ಹೊಡೆಯುತ್ತಿತ್ತು. ಹಿಂಭಾಗ ಹಾಗೆ ಕೂತರೆ ಮುಂದಿನ ಚಕ್ರದ ಮೇಲಿನ ಭಾರವೂ ಕಡಿಮೆಯಾಗುತ್ತದೆ, ತಿರುವಿನಲ್ಲಿ ಹ್ಯಾಂಡಲ್ ಮಾತು ಕೇಳುವುದಿಲ್ಲ. ಗುಂಡಿಗೆ ಇಳಿದಾಗ ಶಾಕ್ ತಳ ಹೊಡೆದು 'ಠಕ್' ಅನ್ನುವ ಪೆಟ್ಟು ಸೊಂಟಕ್ಕೆ ಬೀಳುತ್ತಿತ್ತು. ಹಿಂದಿನ ಶಾಕ್‌ನ ಪ್ರಿಲೋಡ್, ಅಂದರೆ ಸ್ಪ್ರಿಂಗನ್ನು ಮೊದಲೇ ಎಷ್ಟು ಒತ್ತಿಟ್ಟಿರಬೇಕು ಅನ್ನುವ ಹೊಂದಾಣಿಕೆ, ಕೊನೆಯ ಮೆಟ್ಟಿಲಿಗೆ ಏರಿಸಿಕೊಂಡೆ. ಹಿಂಭಾಗ ಸ್ವಲ್ಪ ಎದ್ದಿತು, ಅಷ್ಟೇ. ಪ್ರಿಲೋಡ್ ಏರಿಸಿದರೆ ಸ್ಪ್ರಿಂಗ್ ಗಟ್ಟಿಯಾಗುವುದಿಲ್ಲ, ಗಟ್ಟಿ ಬೇಕಾದರೆ ಸ್ಪ್ರಿಂಗನ್ನೇ ಬದಲಿಸಬೇಕು. ಮೈ ಒಂದಿಷ್ಟು ಒಗ್ಗಿಕೊಂಡೀತು, ಸ್ಪ್ರಿಂಗ್ ಯಾವತ್ತೂ ಒಗ್ಗುವುದಿಲ್ಲ.

ಹಾಗಂತ ದೊಡ್ಡ ಮೈಗೆ ದೊಡ್ಡ ಇಂಜಿನ್ ಅಂತ ಮೊದಲ ಬೈಕೇ 1000 ಸಿಸಿ ತರಬೇಡಿ. ಈ ಸಲಹೆಯನ್ನೂ ಕೊಡುವವರಿದ್ದಾರೆ. ಆಕ್ಸಿಲರೇಟರ್ ಮೇಲಿನ ಕೈ ಸ್ವಲ್ಪ ಜಾಸ್ತಿ ತಿರುಗಿದರೆ ಅಂಥ ಗಾಡಿ ನಿಮ್ಮ ತೂಕವನ್ನು ಲೆಕ್ಕಿಸದೆ ಮುಂದಕ್ಕೆ ನುಗ್ಗುತ್ತದೆ. 350ರಿಂದ 500 ಸಿಸಿ ಒಳಗೆ, ನಿಧಾನಕ್ಕೆ ತಿರುಗುವಾಗಲೂ, ಅಂದರೆ ಕಡಿಮೆ ಆರ್‌ಪಿಎಂನಲ್ಲೇ ಎಳೆಯುವ ಇಂಜಿನ್ ಧಾರಾಳ ಸಾಕು.

ಸೀಟಿನ ಎತ್ತರದ ವಿಷಯದಲ್ಲೂ ಹುಷಾರು. ಹೊಸಬರಿಗೆ ತಗ್ಗು ಸೀಟು ಅಂತಾರೆ, ನೆಲಕ್ಕೆ ಕಾಲು ಊರಲು ಅದು ಸರಿ. ಹೋಂಡಾ ರೆಬೆಲ್ 500ರ ಸೀಟು 690 ಮಿ.ಮೀ. ಅಷ್ಟೇ, ಉದ್ದ ಕಾಲಿನವರಿಗೆ ಮಂಡಿ ಮೇಲೆದ್ದು ನಿಲ್ಲುವ ಸಾಧ್ಯತೆ ಜಾಸ್ತಿ. ರಾಯಲ್ ಎನ್‌ಫೀಲ್ಡ್ ಹಿಮಾಲಯನ್ 450ರದ್ದು 825 ಮಿ.ಮೀ. ನಮ್ಮಂಥವರು ಇಂಥ ನೆಟ್ಟಗೆ ಕೂರುವ, ಕೆಟ್ಟ ರಸ್ತೆಗೂ ಒಗ್ಗುವ ಅಡ್ವೆಂಚರ್ ಬೈಕುಗಳಿಂದಲೇ ನೋಡಲು ಶುರು ಮಾಡುವುದು ಒಳ್ಳೆಯದು. ಆದರೂ ಕೂತು ನೋಡದೆ ಯಾವುದನ್ನೂ ನಂಬಬೇಡಿ.

ಕೂರುವುದು ಅಂದರೆ ಸ್ಟ್ಯಾಂಡ್ ಹಾಕಿದ ಗಾಡಿ ಮೇಲೆ ಒಂದು ನಿಮಿಷ ಅಲ್ಲ. ಯಾರಿಗಾದರೂ ಬೈಕ್ ನೆಟ್ಟಗೆ ಹಿಡಿದುಕೊಳ್ಳಲು ಹೇಳಿ. ಓಡಿಸುವಾಗ ಹಾಕುವ ಬೂಟು, ಜಾಕೆಟ್ ಹಾಕಿಕೊಂಡೇ ಹೋಗಿ. ಎರಡೂ ಕಾಲು ಪೆಗ್ ಮೇಲಿಟ್ಟು, ಹ್ಯಾಂಡಲ್ ಎರಡೂ ಕಡೆ ಕೊನೆವರೆಗೆ ತಿರುಗಿಸಿ, ಮಂಡಿಗೆ ತಾಗುತ್ತಾ ನೋಡಿ. ಹಾಗೇ ಹದಿನೈದು ನಿಮಿಷ ಕೂತಿರಿ. ಮುಜುಗರ ಆಗಬಹುದು, ಪರವಾಗಿಲ್ಲ. ಕೂತ ತಕ್ಷಣ ಮೆತ್ತಗೆ ಹಾಯೆನಿಸುವ ಸೀಟಿಗೆ ಮರುಳಾಗಬೇಡಿ. ಭಾರ ಬಿದ್ದರೆ ಮೆತ್ತನೆ ಫೋಮ್ ಚಪ್ಪಟೆಯಾಗಿ, ಗಂಟೆಯೊಳಗೆ ಕೆಳಗಿನ ಗಟ್ಟಿ ತಳ ತಾಗಲು ಶುರುವಾಗುತ್ತದೆ.

ಕೊನೆಗೆ "ಆಕ್ಸೆಸರಿ ಹಾಕಿ ಸರಿ ಮಾಡಿಕೊಡ್ತೀವಿ" ಅಂತಾರೆ, ನನಗೂ ಅಂದರು. ಪೆಗ್ ಕೆಳಗಿಳಿಸಿದರೆ ಮಂಡಿಗೆ ಜಾಗ ಸಿಗುತ್ತದೆ ನಿಜ, ಆದರೆ ತಿರುವಿನಲ್ಲಿ ವಾಲಿದಾಗ ಅದು ಬೇಗ ನೆಲಕ್ಕೆ ಉಜ್ಜುತ್ತದೆ. ಹ್ಯಾಂಡಲ್ ಎತ್ತರಿಸಿದ್ದರಂತೂ ಹಣ ಕೊಡುವ ಮೊದಲು ಅಲ್ಲೇ ನ್ಯೂಟ್ರಲ್‌ನಲ್ಲಿ ಸ್ಟಾರ್ಟ್ ಮಾಡಿಸಿ, ಹ್ಯಾಂಡಲ್ ಎಡಕ್ಕೆ ಬಲಕ್ಕೆ ಪೂರ್ತಿ ತಿರುಗಿಸಿ ನೋಡಿ. ಇಂಜಿನ್ ತಾನಾಗೇ ಜೋರಾದರೆ ಆಕ್ಸಿಲರೇಟರ್ ಕೇಬಲ್ ಎಳೆದುಕೊಳ್ಳುತ್ತಿದೆ ಅಂತ ಅರ್ಥ. ಆ ಬೈಕನ್ನು ರಸ್ತೆಗೆ ಇಳಿಸಬೇಡಿ. ಬ್ರೇಕ್ ಪೈಪ್ ಬಿಗಿಯಾಗುತ್ತಾ ಅಂತಲೂ ಅದೇ ಹೊತ್ತಿಗೆ ಬಗ್ಗಿ ನೋಡಿಬಿಡಿ.