ಆಯೇರಿ ಹಣದಲ್ಲಿ ಮಧುಚಂದ್ರ: ಕಲಬುರಗಿಯ ನವದಂಪತಿಗಳ ಕಣ್ಣಲ್ಲಿ ರಾಮೋಜಿ ಫಿಲ್ಮ್ ಸಿಟಿ

ಮದುವೆಯ ಖರ್ಚಿನ ಲೆಕ್ಕವೆಲ್ಲ ಮುಗಿದ ಮೇಲೆ ಆಯೇರಿಯಲ್ಲಿ, ಅಂದರೆ ಮದುವೆಯ ಉಡುಗೊರೆಯಾಗಿ, ಬಂದ ಹಣದಿಂದ ಇಬ್ಬರಿಗೂ ಸೇರಿ 15,000 ರೂಪಾಯಿ ಎತ್ತಿಟ್ಟುಕೊಂಡು, ಊಟಿ, ಕೊಡೈಕೆನಾಲ್‌ಗಳ ಬದಲು ಥೀಮ್ ಪಾರ್ಕ್ ಒಂದರಲ್ಲಿ ಮಧುಚಂದ್ರ ಕಳೆಯಬಹುದೇ ಎಂದು ಯೋಚಿಸುತ್ತಿರುವ ನಮ್ಮ ಭಾಗದ ದಂಪತಿಗಳಿಗೆ ನನ್ನ ಉತ್ತರ ಇಷ್ಟು: ಧಾರಾಳವಾಗಿ ಕಳೆಯಬಹುದು, ಆದರೆ ಪಾರ್ಕ್ ಒಂದೇ ಇರಲಿ, ಅದು ಹೈದರಾಬಾದಿನ ರಾಮೋಜಿ ಫಿಲ್ಮ್ ಸಿಟಿ ಆಗಿರಲಿ, ಮತ್ತು ಎರಡನೆಯ ಪಾರ್ಕಿಗೆ ಸುರಿಯಬೇಕಾದ ಹಣವನ್ನು ಆ ಆವರಣದೊಳಗಿನ ಒಂದು ರಾತ್ರಿಯ ಕೋಣೆಗೆ ಕೊಡಿ.

ಊರಿನ ಆಯ್ಕೆಯಲ್ಲಿ ಹೆಚ್ಚು ತಲೆ ಕೆಡಿಸಿಕೊಳ್ಳುವ ಅಗತ್ಯವಿಲ್ಲ. ಖೋಪೋಲಿ ಬಳಿಯ ಇಮ್ಯಾಜಿಕಾ ಪಾರ್ಕ್ ಮುಂಬೈ ಮಾರ್ಗದಲ್ಲೇ ಇದೆಯಾದರೂ ಅಲ್ಲಿಯ ಹೋಟೆಲ್ ನಮ್ಮ ಲೆಕ್ಕದೊಳಗೆ ಬರುವಂಥದ್ದಲ್ಲ. ಬಿಡದಿಯ ವಂಡರ್‌ಲಾದ ಪರವಾಗಿ ಒಂದು ಒಳ್ಳೆಯ ವಾದವಿದೆ: 2023ರ ಜೂನ್ 11ರಿಂದ ಜಾರಿಯಲ್ಲಿರುವ ಶಕ್ತಿ ಯೋಜನೆಯಡಿ ಕಲಬುರಗಿಯಿಂದ ಬೆಂಗಳೂರಿನವರೆಗೆ ಹೆಂಡತಿಯ ಬಸ್ ಪ್ರಯಾಣ ಉಚಿತ. ಆದರೆ ಆ ಸೌಲಭ್ಯ ಸಾಮಾನ್ಯ ಮತ್ತು ವೇಗದೂತ ಬಸ್ಸುಗಳಿಗೆ ಮಾತ್ರ ಸೀಮಿತವಾಗಿದ್ದು, ರಾಜಹಂಸಕ್ಕಾಗಲಿ ಸ್ಲೀಪರ್ ಬಸ್ಸಿಗಾಗಲಿ ಅನ್ವಯಿಸದ ಕಾರಣ, ಮದುವೆಯ ದಣಿವು ಇನ್ನೂ ಆರದ ಮೈಯನ್ನು ರಾತ್ರಿಯಿಡೀ ಕುಳಿತೇ ಸಾಗಿಸಬೇಕಾಗುತ್ತದೆ. ಉಳಿಯುವ ಹಣಕ್ಕಿಂತ ಬೆನ್ನುನೋವೇ ದುಬಾರಿ ಎಂಬುದು ನನ್ನ ಅಭಿಪ್ರಾಯ.

ಹೈದರಾಬಾದ್ ಹಾಗಲ್ಲ. ಬೆಳಿಗ್ಗೆ ಕಲಬುರಗಿಯಲ್ಲಿ ಹುಸೇನ್ ಸಾಗರ್ ಎಕ್ಸ್‌ಪ್ರೆಸ್ ಹತ್ತಿದರೆ ವಾಡಿ, ತಾಂಡೂರು, ವಿಕಾರಾಬಾದ್ ದಾಟಿ ಮಧ್ಯಾಹ್ನದ ಹೊತ್ತಿಗೆ ನಾಂಪಲ್ಲಿಯಲ್ಲಿ ಇಳಿಯಬಹುದು. ಸ್ಲೀಪರ್ ದರ್ಜೆಯ ಟಿಕೆಟ್ ಒಬ್ಬರಿಗೆ 200 ರೂಪಾಯಿಯ ಆಸುಪಾಸಿನಲ್ಲಿದೆ. 1956ರ ನವೆಂಬರ್ 1ರವರೆಗೆ ಹೈದರಾಬಾದ್ ರಾಜ್ಯದಲ್ಲೇ ಇದ್ದ ನಮ್ಮ ಜಿಲ್ಲೆಯ ಹಿರಿಯರಿಗೆ ಆ ನಗರ ಇಂದಿಗೂ ಪರಊರಲ್ಲ, ಮತ್ತು ಬಹುತೇಕ ಮನೆತನಗಳಿಗೆ ಅಲ್ಲೊಬ್ಬ ಸೋದರಮಾವನೋ ಚಿಕ್ಕಪ್ಪನೋ ಇದ್ದೇ ಇರುತ್ತಾರೆ. ಇದೇ ಒಂದು ಅಪಾಯ. ಹೊರಡುವ ಸುದ್ದಿ ಮನೆಯಲ್ಲಿ ಹೇಳಿದ ಕೂಡಲೇ “ಲಾಡ್ಜ್ ಯಾಕ್ರೀ, ಮಾವನ ಮನ್ಯಾಗ ಇರ್ರಿ” ಎಂಬ ಸಲಹೆ ಬರುತ್ತದೆ. ವಸತಿ ಉಚಿತವಾಗುವುದು ನಿಜ; ಆದರೆ ಹೊಸ ಜೋಡಿಯನ್ನು ಊಟಕ್ಕೆ ಕರೆಯಲು ಆ ಬೀದಿಯ ನೆಂಟರೆಲ್ಲ ಸಾಲುಗಟ್ಟಿದ ಮೇಲೆ ಅದು ಮಧುಚಂದ್ರವಾಗಿ ಉಳಿಯುವುದಿಲ್ಲ. ನಾವು ಊರಿಗೆ ಮರಳಿದ ನಂತರವೇ ಮಾವನವರಿಗೆ ಫೋನ್ ಮಾಡಿದೆವು.

ಪ್ಯಾಕೇಜುಗಳ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಬಿಗಿ ಬಜೆಟ್ಟಿನವರು ಮೊದಲು ಹೋಗುವುದು ಅಲ್ಲಿಗೇ. ನಮ್ಮ ನಗರದ ಪ್ರವಾಸ ಏಜೆನ್ಸಿಯೊಂದು ಎರಡು ರಾತ್ರಿಯಲ್ಲಿ ಮೂರು ಪಾರ್ಕುಗಳನ್ನು ತೋರಿಸುವ ‘ಹನಿಮೂನ್ ಸ್ಪೆಷಲ್’ ಅನ್ನು ನಮ್ಮ ಮುಂದಿಟ್ಟಿತು. ಮೊದಲ ಪುಟದ ಮೊತ್ತ ನಮ್ಮ ಬಜೆಟ್ಟಿನೊಳಗೇ ಇತ್ತು. ಆದರೆ ಕೊನೆಯ ಪುಟದ ಸಣ್ಣ ಅಕ್ಷರಗಳನ್ನು ಓದಿದರೆ, ಪ್ರವೇಶ ಟಿಕೆಟ್‌ಗಳು ಮೊತ್ತದಲ್ಲಿ ಸೇರಿಲ್ಲ, ಕಾರನ್ನು ಇನ್ನೊಂದು ಕುಟುಂಬದೊಂದಿಗೆ ಹಂಚಿಕೊಳ್ಳಬೇಕು, ಹೋಟೆಲ್ ನಗರದ ಮಧ್ಯದಲ್ಲಿದೆ ಎಂಬ ಸಂಗತಿಗಳು ಒಂದೊಂದಾಗಿ ಹೊರಬಿದ್ದವು. ಭೂಪಟ ತೆರೆದು ನೋಡಿದರೆ ಇದರ ಕಷ್ಟ ತಿಳಿಯುತ್ತದೆ: ರಾಮೋಜಿ ಫಿಲ್ಮ್ ಸಿಟಿ ನಗರದ ಪೂರ್ವಕ್ಕೆ ವಿಜಯವಾಡ ಹೆದ್ದಾರಿಯ ಮೇಲೆ, ವಂಡರ್‌ಲಾ ದಕ್ಷಿಣಕ್ಕೆ ಹೊರವರ್ತುಲ ರಸ್ತೆಯ ಪಕ್ಕದ ರಾವಿರ್ಯಾಲದಲ್ಲಿ, ಸ್ನೋ ವರ್ಲ್ಡ್ ನಗರದ ನಡುವೆ ಲೋಯರ್ ಟ್ಯಾಂಕ್ ಬಂಡ್ ಬಳಿ. ಇವು ಮೂರನ್ನೂ ಎರಡು ದಿನಗಳಲ್ಲಿ ಮುಗಿಸಹೊರಟವರು ಪಾರ್ಕಿಗಿಂತ ಟ್ರಾಫಿಕ್ಕನ್ನೇ ಹೆಚ್ಚು ನೋಡುತ್ತಾರೆ. ಟಿಕೆಟ್ಟಿನ ವಿಷಯದಲ್ಲಿ ಇನ್ನೊಂದು ಮಾತು. ಥೀಮ್ ಪಾರ್ಕ್ ಪ್ರವೇಶದ ಮೇಲಿನ ಜಿಎಸ್‌ಟಿ 2018ರ ಜನವರಿಯಲ್ಲಿ ಶೇ 28ರಿಂದ ಶೇ 18ಕ್ಕೆ ಇಳಿದಿದೆ. ಇಳಿದ ಮೇಲೂ ಅದು ದೊಡ್ಡ ಮೊತ್ತವೇ ಆದುದರಿಂದ, ಜಾಹೀರಾತಿನ ದರ ತೆರಿಗೆ ಸೇರಿಸಿ ಹೇಳಿದ್ದೋ ಬಿಟ್ಟು ಹೇಳಿದ್ದೋ ಎಂದು ಕೇಳಿಯೇ ಲೆಕ್ಕ ಹಾಕಬೇಕು. ರಾಮೋಜಿ ಮತ್ತು ವಂಡರ್‌ಲಾ ಎರಡೂ ಕಡೆ ಒಬ್ಬರ ಟಿಕೆಟ್ 1,000 ರೂಪಾಯಿ ದಾಟುತ್ತದೆ.

ಹಾಗಾದರೆ ಒಂದೇ ಪಾರ್ಕ್ ಎಂದ ಮೇಲೆ ವಂಡರ್‌ಲಾ ಏಕೆ ಬೇಡ? 2016ರಲ್ಲಿ ಆರಂಭವಾದ ಹೈದರಾಬಾದಿನ ವಂಡರ್‌ಲಾ ಆಟಗಳ ಮಟ್ಟಿಗೆ ರಾಮೋಜಿಗಿಂತ ಬಹಳ ಮುಂದಿದೆ, ಅದರಲ್ಲಿ ಎರಡು ಮಾತಿಲ್ಲ. ಮುಂದಕ್ಕೆ ಸುತ್ತಿ ಮತ್ತೆ ಹಿಮ್ಮುಖವಾಗಿಯೂ ಸುತ್ತುವ ಅಲ್ಲಿಯ ರೋಲರ್ ಕೋಸ್ಟರ್‌ನಂಥದ್ದು ರಾಮೋಜಿಯಲ್ಲಿಲ್ಲ. ಆದರೆ ಆ ಟಿಕೆಟ್ಟಿನ ಹಣ ಪೂರ್ತಿ ದಕ್ಕಬೇಕಾದರೆ ನೀರಿನ ಆಟಗಳಿಗೆ ಇಳಿಯಲೇಬೇಕು, ಇಳಿಯಲು ನೈಲಾನ್ ಅಥವಾ ಅಂಥದೇ ಸಿಂಥೆಟಿಕ್ ಬಟ್ಟೆ ಬೇಕು. ಸೀರೆಗೆ, ಹತ್ತಿಯ ಬಟ್ಟೆಗೆ ಅಲ್ಲಿ ಅವಕಾಶವಿಲ್ಲ. ನಮ್ಮ ಕಡೆಯ ಮದುಮಗಳ ಕೈಯನ್ನು ಒಮ್ಮೆ ನೆನಪಿಸಿಕೊಳ್ಳಿ: ಮೊಣಕೈಯ ಹತ್ತಿರದವರೆಗೆ ಹಸಿರು ಗಾಜಿನ ಬಳೆ, ಅದರ ಕೆಳಗೆ ಇನ್ನೂ ಬಣ್ಣ ಬಿಡದ ಮೆಹಂದಿ, ಕೊರಳಲ್ಲಿ ತಾಳಿ, ಕಾಲಲ್ಲಿ ಕಾಲುಂಗುರ. ಗಾಜಿನ ಬಳೆ ತೊಟ್ಟು ನೀರಿನ ಜಾರುಬಂಡೆಗೆ ಹೋಗುವುದು ಸುರಕ್ಷಿತವಲ್ಲ, ಸಡಿಲವಾದ ಆಭರಣಗಳನ್ನು ವೇಗದ ಆಟಗಳಲ್ಲಿ ತೆಗೆದಿಡಬೇಕಾಗುತ್ತದೆ, ಮದುವೆಯ ಬಳೆಯನ್ನು ಇಷ್ಟು ಬೇಗ ತೆಗೆದರೆ ಅತ್ತೆಯ ಮನೆಯಲ್ಲೂ ತವರಿನಲ್ಲೂ ಉತ್ತರ ಹೇಳಬೇಕಾಗುತ್ತದೆ. ಆದುದರಿಂದ ವಂಡರ್‌ಲಾ ಮೊದಲ ವಾರ್ಷಿಕೋತ್ಸವಕ್ಕೆ ಇರಲಿ. ವಾರಾಂತ್ಯ ಬಿಟ್ಟು ವಾರದ ನಡುವೆ ಹೋದರೆ ದರವೂ ಕಡಿಮೆ.

ಇನ್ನು ರಾಮೋಜಿ ಫಿಲ್ಮ್ ಸಿಟಿ. ಮಾಧ್ಯಮೋದ್ಯಮಿ ರಾಮೋಜಿ ರಾವ್ 1996ರಲ್ಲಿ ಸ್ಥಾಪಿಸಿದ, 1,666 ಎಕರೆಗಳಲ್ಲಿ ಹರಡಿರುವ, ಜಗತ್ತಿನ ಅತಿ ದೊಡ್ಡ ಚಿತ್ರನಿರ್ಮಾಣ ಸಂಕೀರ್ಣವೆಂದು ಗಿನ್ನೆಸ್ ದಾಖಲೆ ಪಡೆದ ಈ ಜಾಗವನ್ನು ಕಟ್ಟಿರುವುದೇ ಬೇರೆ ಉದ್ದೇಶಕ್ಕೆ. ಇಲ್ಲಿ ಸಿನಿಮಾ ತೆಗೆಯುವ ಕೆಲಸ ಇಂದಿಗೂ ನಡೆಯುತ್ತದೆ, ಪ್ರವಾಸಿಗಳು ಅದರ ಅಂಚಿನಲ್ಲಿ ಓಡಾಡುತ್ತಾರೆ. ಹೊಸ ದಂಪತಿಗಳಿಗೆ ಇದರಿಂದ ಆಗುವ ಲಾಭ ದೊಡ್ಡದು. ಸರತಿಯಲ್ಲಿ ನಿಂತು ಆಟಗಳನ್ನು ಎಣಿಸುವ ಅವಸರ ಇಲ್ಲಿಲ್ಲ. ಯೂರೇಕಾ ಎಂಬ ಕೋಟೆಯಂಥ ಆವರಣದಲ್ಲಿ ಬೆಳಗಿನ ಸ್ವಾಗತ ನೃತ್ಯ ಮುಗಿಸಿಕೊಂಡು ಕೆಂಪು ಬಸ್ಸಿನಲ್ಲಿ ಕುಳಿತರೆ, ಅದು ಲಂಡನ್ನಿನ ಬೀದಿ, ಉತ್ತರ ಭಾರತದ ಹವೇಲಿ, ಜೈಲು, ರೈಲು ನಿಲ್ದಾಣ, ವಿಮಾನ ನಿಲ್ದಾಣ, ಮೊಘಲ್ ಉದ್ಯಾನ, ಜಪಾನೀ ಉದ್ಯಾನಗಳ ನಡುವೆ ನಿಧಾನವಾಗಿ ಸಾಗುತ್ತದೆ, ಮತ್ತು ಮಾತಾಡಿಕೊಳ್ಳಲು ಇಬ್ಬರಿಗೂ ಬೇಕಾದಷ್ಟು ಹೊತ್ತು ಸಿಗುತ್ತದೆ. ಹಿರಿಯರು ನೋಡಿ ಒಪ್ಪಿ ಮಾಡಿದ ಮದುವೆಗಳಲ್ಲಿ, ಮದುವೆಗೆ ಮುಂಚೆ ಒಂದೆರಡು ಬಾರಿ ಮಾತ್ರ ಭೇಟಿಯಾದವರಿಗೆ, ಮಾತಿಗೆ ವಿಷಯ ಒದಗಿಸುವ ಇಂಥ ಜಾಗವೇ ಬೇಕು. ಸೀರೆಯಲ್ಲೇ ಇಡೀ ದಿನ ಓಡಾಡಬಹುದು ಎಂಬುದನ್ನೂ ಸೇರಿಸಿಕೊಳ್ಳಿ.

ಒಳಗಿನ ಪ್ರದರ್ಶನಗಳಲ್ಲಿ ನನಗೆ ಎಲ್ಲಕ್ಕಿಂತ ಮೆಚ್ಚುಗೆಯಾದದ್ದು ಮೂವಿ ಮ್ಯಾಜಿಕ್ ವಿಭಾಗ. ನಿಂತಲ್ಲೇ ಅಲುಗಾಡುವ ಗಾಡಿ, ಅದರ ಹಿಂದೆ ಓಡುವ ದೃಶ್ಯ, ಬೇರೆ ಕೋಣೆಯಲ್ಲಿ ಕೂಡಿಸುವ ಧ್ವನಿ, ಇವು ಹೇಗೆ ಒಂದು ಸನ್ನಿವೇಶವಾಗುತ್ತವೆ ಎಂಬುದನ್ನು ಪ್ರೇಕ್ಷಕರಲ್ಲೇ ಕೆಲವರನ್ನು ಕರೆದು ಮಾಡಿಸಿ ತೋರಿಸುತ್ತಾರೆ. ಅದನ್ನು ನೋಡಿದ ಮೇಲೆ ಟಿವಿಯಲ್ಲಿ ಯಾವ ಓಟದ ದೃಶ್ಯ ಬಂದರೂ ನನ್ನ ಪತಿ ಅದನ್ನು ಬಿಡಿಸಿ ಹೇಳಲು ಶುರುಮಾಡುತ್ತಾರೆ. ಸ್ಟಂಟ್ ಪ್ರದರ್ಶನ ಚುರುಕಾಗಿದೆ. ಬೋರಾಸುರ ಎಂಬ ಭಯದ ಗುಹೆ ಮಕ್ಕಳಿಗೆ ಹೆಚ್ಚು ಸರಿ. ಭಾಗವತದ ಸೆಟ್ ಮತ್ತು ಭಾರಿ ತೆಲುಗು ಚಿತ್ರವೊಂದಕ್ಕೆ ಹಾಕಿದ ಅರಮನೆಯ ಸೆಟ್ ಫೋಟೊ ತೆಗೆಸಿಕೊಳ್ಳುವವರಿಗೆ ಹಬ್ಬ. ಕಲಬುರಗಿಯಲ್ಲಿ ಮದುವೆಗೆ ಮುಂಚಿನ ಫೋಟೊ ಶೂಟಿಗೆ ಜನ ಕೊಡುವ ಹಣವನ್ನು ನೋಡಿದರೆ, ಅದನ್ನು ಉಳಿಸಿ ಮೊಬೈಲಿನಲ್ಲೇ ಇಲ್ಲಿ ತೆಗೆದುಕೊಳ್ಳುವುದು ಜಾಣತನ. ಪಕ್ಷಿಧಾಮ ಮತ್ತು ಚಿಟ್ಟೆಗಳ ಉದ್ಯಾನವನ್ನು ಬಿಸಿಲು ಇಳಿದ ಮೇಲೆ ನೋಡುವುದು ಒಳ್ಳೆಯದು.

ಮಾರ್ಗದರ್ಶಕರು ತೆಲುಗು, ಹಿಂದಿಗಳಲ್ಲಿ ವಿವರಿಸುತ್ತಾರೆ. ದಖನಿ ಉರ್ದು ಕೇಳಿಯೇ ಬೆಳೆದ ನಮಗೆ ಇದು ತೊಡಕಲ್ಲ. ಅಂದಹಾಗೆ, 2000ದ ಡಿಸೆಂಬರಿನಲ್ಲಿ ಆರಂಭವಾಗಿ 2015ರಲ್ಲಿ ಕಲರ್ಸ್ ಕನ್ನಡವಾದ ಈಟಿವಿ ಕನ್ನಡ ವಾಹಿನಿ ರಾಮೋಜಿ ಬಳಗದಲ್ಲೇ ಹುಟ್ಟಿದ್ದು. ನಮ್ಮ ತಾಯಂದಿರು ದಿನವೂ ನೋಡುತ್ತಿದ್ದ ಆ ವಾಹಿನಿಯ ಬೇರು ಈ ಗೇಟಿನೊಳಗಿದೆ ಎಂದು ತಿಳಿದಾಗ ಜಾಗ ಸ್ವಲ್ಪ ಹತ್ತಿರದ್ದೆನಿಸಿತು.

ವಸತಿಗೆ ಒಳಗೇ ಹಲವು ದರ್ಜೆಯ ಹೋಟೆಲುಗಳಿವೆ: ಸಿತಾರಾ ಐಷಾರಾಮದ್ದು, ತಾರಾ ಮಧ್ಯಮ, ಶಾಂತಿನಿಕೇತನ ಮಿತವ್ಯಯದವರಿಗೆ. ನಮ್ಮ ಬಜೆಟ್ಟಿಗೆ ಹೊಂದುವುದು ಕೊನೆಯದೇ. ಮಧುಚಂದ್ರದ ಹೆಸರಿನ ಪ್ಯಾಕೇಜುಗಳಿಗೂ ಸಾಮಾನ್ಯ ವಸತಿ ಪ್ಯಾಕೇಜುಗಳಿಗೂ ಇರುವ ವ್ಯತ್ಯಾಸ, ಅಲಂಕಾರ, ಕೇಕು, ಮೇಣದಬತ್ತಿಯ ಊಟದಂಥವುಗಳದು. ಮನೆಯಲ್ಲಿ ಅತ್ತಿಗೆಯರು ಮಂಚಕ್ಕೆ ಕಟ್ಟಿದ ಮಲ್ಲಿಗೆ ದಂಡೆಯನ್ನು ಅದಾಗಲೇ ಕಂಡವರಿಗೆ ಹೋಟೆಲಿನ ಹೂವಿಗಾಗಿ ಮತ್ತೆ ಹಣ ಕೊಡುವ ಕಾರಣ ನನಗೆ ಕಾಣಲಿಲ್ಲ. ಸಾಮಾನ್ಯ ಪ್ಯಾಕೇಜನ್ನೇ ತೆಗೆದುಕೊಳ್ಳಿ, ಆದರೆ ಅದರಲ್ಲಿ ಇಬ್ಬರ ಪ್ರವೇಶ ಟಿಕೆಟ್ ಮತ್ತು ಬೆಳಗಿನ ಉಪಾಹಾರ ಸೇರಿವೆಯೇ ಎಂಬುದನ್ನು ಕಾಯ್ದಿರಿಸುವ ಮೊದಲೇ ಖಚಿತಪಡಿಸಿಕೊಳ್ಳಿ. ನಮ್ಮ 15,000ದಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ಕೋಣೆ ಮತ್ತು ಪ್ರವೇಶಕ್ಕೇ ಹೋಯಿತು, ಅದರ ಬಗ್ಗೆ ನಮಗೆ ಬೇಸರವಿಲ್ಲ. ಹಗಲಿನ ಪ್ರವಾಸಿಗಳೆಲ್ಲ ಸಂಜೆ ಹೊರಟುಹೋದ ಮೇಲೂ ಆವರಣದಲ್ಲಿ ಉಳಿಯುವ ಅವಕಾಶವನ್ನು ನಗರದ ಯಾವ ಲಾಡ್ಜೂ ಕೊಡಲಾರದು. ಹೊಸ ಹೆಂಡತಿಯ ಆಧಾರ್‌ನಲ್ಲಿ ಇನ್ನೂ ತವರಿನ ವಿಳಾಸವೇ ಇರುವುದರಿಂದ, ಇಬ್ಬರ ಗುರುತಿನ ಚೀಟಿಯ ಜೊತೆಗೆ ಲಗ್ನಪತ್ರಿಕೆಯ ಒಂದು ಪ್ರತಿಯನ್ನು ಚೀಲದಲ್ಲಿಟ್ಟುಕೊಂಡರೆ ಎಲ್ಲಿಯೂ ವಿವರಣೆಯ ಮಾತು ಬೆಳೆಯುವುದಿಲ್ಲ.

ಹೋಗುವ ದಾರಿ ಸರಳ. ನಾಂಪಲ್ಲಿ ನಿಲ್ದಾಣದ ಬಳಿಯೇ ಮೆಟ್ರೊದ ಕೆಂಪು ಮಾರ್ಗವಿದ್ದು, ಅದರ ಕೊನೆಯ ನಿಲ್ದಾಣ ಎಲ್.ಬಿ. ನಗರದಲ್ಲಿಳಿದರೆ ಅಲ್ಲಿಂದ ಹಯಾತ್‌ನಗರದ ಮೂಲಕ ಬಸ್ಸಿನಲ್ಲಿ ಸಾಗಬಹುದು. ತೆಲಂಗಾಣದ ಬಸ್ಸುಗಳಲ್ಲಿ ಮಹಿಳೆಯರಿಗಿರುವ ಉಚಿತ ಪ್ರಯಾಣ ಆ ರಾಜ್ಯದ ನಿವಾಸಿಗಳಿಗೆ ಮಾತ್ರ, ಹಾಗಾಗಿ ಕರ್ನಾಟಕದ ಆಧಾರ್ ತೋರಿಸುವವರು ಟಿಕೆಟ್ ಕೊಳ್ಳಬೇಕು. ರೈಲು ತಲುಪುವುದೇ ಮಧ್ಯಾಹ್ನವಾದ್ದರಿಂದ ಅಂದು ಪಾರ್ಕಿನ ಟಿಕೆಟ್ ವ್ಯರ್ಥ. ಅಂದು ಕೋಣೆ ಸೇರಿ ವಿಶ್ರಮಿಸಿ, ಮರುದಿನ ಬೆಳಿಗ್ಗೆ 9ರಿಂದ ಸಂಜೆಯವರೆಗೆ ಪಾರ್ಕ್ ನೋಡಿ, ರಾತ್ರಿ ಮಹಾತ್ಮ ಗಾಂಧಿ ಬಸ್ ನಿಲ್ದಾಣದಿಂದ ಕಲಬುರಗಿಯ ಬಸ್ ಹಿಡಿದರೆ ಎರಡನೆಯ ರಾತ್ರಿಯ ಬಾಡಿಗೆ ಉಳಿಯುತ್ತದೆ. ಕಡಕ್ ರೊಟ್ಟಿ, ಶೇಂಗಾ ಚಟ್ನಿಯ ಬುತ್ತಿಯನ್ನು ರೈಲಿನಲ್ಲೇ ಮುಗಿಸಿ. ಹೊರಗಿನ ಊಟವನ್ನು ಥೀಮ್ ಪಾರ್ಕುಗಳು ಸಾಮಾನ್ಯವಾಗಿ ಒಳಗೆ ಬಿಡುವುದಿಲ್ಲ, ಒಳಗಿನ ಊಟದ ದರ ನಮ್ಮ ಸೂಪರ್ ಮಾರ್ಕೆಟ್ ಪ್ರದೇಶದ ಖಾನಾವಳಿಯದಲ್ಲ; ಇಬ್ಬರ ಒಂದು ದಿನದ ಊಟ, ಚಹಾಕ್ಕೆಂದು 1,500 ರೂಪಾಯಿಯನ್ನು ಬೇರೆಯೇ ತೆಗೆದಿಡುವುದು ಕ್ಷೇಮ.

ಕಾಲದ ವಿಷಯದಲ್ಲಿ ಮಾತ್ರ ನಮ್ಮ ಸಂಪ್ರದಾಯ ಬಜೆಟ್ಟಿಗೆ ಎದುರು ನಿಲ್ಲುತ್ತದೆ. ನಮ್ಮಲ್ಲಿ ಬಹಳಷ್ಟು ಲಗ್ನಗಳು ಏಪ್ರಿಲ್, ಮೇ ತಿಂಗಳುಗಳಲ್ಲಿ ನಡೆಯುತ್ತವೆ. ಆಮೇಲೆ ಮನೆದೇವರಿಗೆ ಹೋಗಿ ಬರಬೇಕು, ಘತ್ತರಗಿಗೋ ಗಾಣಗಾಪುರಕ್ಕೋ ಹರಕೆ ತೀರಿಸಬೇಕು, ಆಷಾಢ ಬಂದರೆ ಹೆಣ್ಣು ತವರಿಗೆ ಹೊರಡುತ್ತಾಳೆ. ಉಳಿಯುವ ಆ ಕಿರು ಅವಧಿಯಲ್ಲಿ ಬಿಸಿಲೂ ಶಾಲಾ ರಜೆಯ ಜನಸಂದಣಿಯೂ ಒಟ್ಟಿಗೇ ಇರುತ್ತವೆ, ರಾಮೋಜಿಯ ಬಹುಭಾಗ ಬಯಲಿನಲ್ಲಿದೆ. ಮನೆಯವರನ್ನು ಒಪ್ಪಿಸಲು ಸಾಧ್ಯವಾದರೆ ಪ್ರವಾಸವನ್ನು ನವೆಂಬರಿನವರೆಗೆ ಮುಂದೂಡಿ, ಶಾಲೆಗಳು ನಡೆಯುತ್ತಿರುವ ಯಾವುದಾದರೂ ಮಂಗಳವಾರ ಅಥವಾ ಬುಧವಾರ ಹೋಗಿ. ಸಾಧ್ಯವಾಗದಿದ್ದರೆ ಛತ್ರಿ ಇರಲಿ, ನಡುಮಧ್ಯಾಹ್ನದ ಹೊತ್ತನ್ನು ಒಳಾಂಗಣ ಪ್ರದರ್ಶನಗಳಿಗೆ ಮೀಸಲಿಡಿ.

ಬೀದರ್‌ನವರಿಗೆ ಇದೆಲ್ಲ ಇನ್ನೂ ಅಗ್ಗ. ಜಹೀರಾಬಾದ್ ಮಾರ್ಗದ ಬಸ್ಸಿನಲ್ಲಿ ಸುಮಾರು 140 ಕಿಲೋಮೀಟರ್ ಸಾಗಿ ಮಹಾತ್ಮ ಗಾಂಧಿ ಬಸ್ ನಿಲ್ದಾಣದಲ್ಲಿಳಿದರೆ ಅಲ್ಲಿಯೂ ಅದೇ ಕೆಂಪು ಮಾರ್ಗದ ಮೆಟ್ರೊ ಸಿಗುತ್ತದೆ. ಯಾದಗಿರಿಯಿಂದ ಹೊರಡುವವರು ವಾಡಿಗೆ ಬಂದು ಹೈದರಾಬಾದ್ ಗಾಡಿ ಹಿಡಿಯಬಹುದು. ಎರಡು ರೈಲುಗಳ ನಡುವೆ ಸಾಕಷ್ಟು ಅಂತರವಿಟ್ಟು ಟಿಕೆಟ್ ಕಾಯ್ದಿರಿಸಿದರೆ ಸಾಕು.